ಜಾಮೀನು ಹಾಕುವ ಮುನ್ನ

ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೂ ಆಕಾಶದ ಉದ್ಯೋಗ ಈ ಜಿಲ್ಲೆಗೆ ಅಪರಿಚಿತವಲ್ಲ. 1965ರ ಯುದ್ಧದಲ್ಲಿ ಸರ್ಗೋಧಾದ ದಾಳಿಯಲ್ಲಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಕೊಡಗಿನವರೇ. ಕಾಫಿ, ಮೆಣಸಿನ ವ್ಯಾಪಾರವನ್ನೇ ನಂಬಿದ ನಮ್ಮ ಮನೆತನಕ್ಕೆ ಮಾತ್ರ ಅದು ಹೊಸದು. ನನ್ನ ಅಣ್ಣನ ಮೊಮ್ಮಗನು ಇನ್ನೂರು ಗಂಟೆಗಳ ಹಾರಾಟ ಪೂರೈಸಿ ವಾಣಿಜ್ಯ ಪೈಲಟ್ ಪರವಾನಗಿ ಪಡೆದನು. ಎರಡು ಪ್ರಾದೇಶಿಕ ವಿಮಾನ ಸಂಸ್ಥೆಗಳಿಂದ ಅವನಿಗೆ ಕರೆ ಬಂದಿತು. ಎರಡೂ ಕಡೆ ಕರಾರು ಪತ್ರ. ಅವಧಿಗೆ ಮೊದಲು ಬಿಟ್ಟರೆ ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕು. ಜಾಮೀನಿನ ಸಹಿಗಾಗಿ ಅಣ್ಣ ನನ್ನ ಬಳಿಗೆ ಬಂದನು.

ಬಿ.ಕಾಂ. ಓದಿದವನಾದ್ದರಿಂದ ನನ್ನ ಕಣ್ಣು ಮೊದಲು ಲೆಕ್ಕಪತ್ರದ ಕಡೆಗೇ ಹೋಯಿತು. ಈ ವ್ಯವಹಾರದ ಚರಿತ್ರೆ ಸಮಾಧಾನ ಕೊಡುವಂತಹುದಲ್ಲ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗ ಸಾಮಾನ್ಯನಿಗೂ ವಿಮಾನ ದೊರೆಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಕೆಲವೇ ವರ್ಷಗಳಲ್ಲಿ ಅದು ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್‌ನಂತಹ ದೊಡ್ಡ ಸಂಸ್ಥೆಯೇ 2019ರಲ್ಲಿ ನಿಂತುಹೋಯಿತು. ಆದುದರಿಂದ ಗಾತ್ರವನ್ನು ನೋಡಿ ನಂಬುವಂತಿಲ್ಲ. ಪೈಲಟ್‌ನ ಕೈಯಲ್ಲಿ ಉಳಿಯುವುದು ಅವನು ಕಲಿತ ವಿಮಾನದ ಅರ್ಹತೆ. ಎಟಿಆರ್-72 ವಿಮಾನವನ್ನು ಇಂದು ಇಂಡಿಗೊ, ಅಲಯನ್ಸ್ ಏರ್, ಫ್ಲೈ91 ಮೂರೂ ನಡೆಸುತ್ತಿವೆ. ಅಂತಹ ವಿಮಾನವನ್ನು ಕಲಿತವನಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುವ ಅವಕಾಶವಿರುತ್ತದೆ. ಸಣ್ಣ ಊರುಗಳ ನಡುವಣ ಹಾರಾಟದಲ್ಲಿ ದಿನಕ್ಕೆ ಹಲವು ಬಾರಿ ಏರಿ ಇಳಿಯುವ ಅಭ್ಯಾಸವೂ ಆಗುತ್ತದೆ. ಸಂಬಳದ ಮಾತನ್ನು ನಾನು ಹೆಚ್ಚು ಬೆಳೆಸಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ ವಿಷಯ ಬೇರೆ. ಕೊಡಗಿನವರು ವಿಮಾನಕ್ಕೆಂದು ಘಾಟಿ ಇಳಿದು ಹೋಗುವುದು ಮಂಗಳೂರಿಗೆ, 2018ರಿಂದೀಚೆಗೆ ಕಣ್ಣೂರಿಗೂ. ಎರಡೂ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿದ ನಿಲ್ದಾಣಗಳು. ಓಡುದಾರಿ ಮುಗಿದಲ್ಲಿ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿತು. 158 ಜನರು ಮಡಿದರು, ಎಂಟು ಜನರು ಉಳಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದನೆಂದೂ ಕ್ಯಾಪ್ಟನ್ ಕೇಳಲಿಲ್ಲವೆಂದೂ ವಿಚಾರಣೆಯಲ್ಲಿ ಗೊತ್ತಾಯಿತು. ನಮ್ಮ ಹುಡುಗ ಮೊದಲಿಗೆ ಕುಳಿತುಕೊಳ್ಳುವುದು ಆ ಸಹಪೈಲಟ್‌ನ ಆಸನದಲ್ಲಿಯೇ ಅಲ್ಲವೇ?

ಮತ್ತೆ ಮೇಲೇರುವುದೆಂದರೆ ಇಂಧನ ವ್ಯಯ, ಸಮಯ ನಷ್ಟ, ಮುಂದಿನ ಪ್ರಯಾಣಕ್ಕೆ ವಿಳಂಬ. ವ್ಯಾಪಾರಿಯಾದ ನನಗೆ ಆ ನಷ್ಟದ ಅರಿವಿದೆ. ಮಳೆಗಾಲದಲ್ಲಿ ಮಾಲು ತಲುಪಿಸುವ ಲಾರಿ ಚಾಲಕನನ್ನು ಅವಸರಪಡಿಸುವ ಧಣಿಗಳನ್ನು ನಾನು ಬಲ್ಲೆ; ಅವರಾರೂ ಬಾಯಿಬಿಟ್ಟು ‘ಜೀವಕ್ಕಿಂತ ಮಾಲು ಮುಖ್ಯ’ ಎನ್ನುವುದಿಲ್ಲ, ತಡವಾಗಿ ಬಂದವನ ಮುಖ ನೋಡುವ ರೀತಿಯೇ ಸಾಕು. ಆದ್ದರಿಂದ ಹುಡುಗನಿಗೆ ಹೇಳಿದೆ: “ಕಚೇರಿಯಲ್ಲಿ ಕೇಳಬೇಡ, ಅಲ್ಲಿ ಕೆಲಸದಲ್ಲಿರುವ ಕಿರಿಯರನ್ನು ಕೇಳು. ಇಳಿಯದೆ ಮೇಲೇರಿದವನನ್ನು ಮರುದಿನ ಹೇಗೆ ಕಾಣುತ್ತಾರೆ? ದಣಿವಾಗಿದೆ ಎಂದವನ ಹೆಸರು ಯಾವ ಪಟ್ಟಿಗೆ ಸೇರುತ್ತದೆ?”

“ಚಿಕ್ಕಜ್ಜ, ಇದನ್ನು ಯಾರೂ ಕೇಳುವುದಿಲ್ಲ” ಎಂದು ನಕ್ಕನು. ಆದರೂ ಕೇಳಿಕೊಂಡು ಬಂದನು. ಒಂದು ಸಂಸ್ಥೆಯ ಹುಡುಗರು ಮಾತು ತೇಲಿಸಿದರಂತೆ. ಇನ್ನೊಂದರಲ್ಲಿ, ಇಬ್ಬರಲ್ಲಿ ಯಾರೇ ಹೇಳಿದರೂ ಮೇಲೇರಲೇಬೇಕು, ಕಾರಣವನ್ನು ಆಮೇಲೆ ಚರ್ಚಿಸುವುದು ಎಂದರಂತೆ. ಸಂಬಳ ಅಲ್ಲಿ ಕಡಿಮೆ.

ಆ ಕರಾರಿಗೆ ನಾನು ಸಹಿ ಹಾಕಿದೆ. ಬ್ಯಾಂಕಿನ ಸಾಲ ತೀರಲು ಇನ್ನೆರಡು ವರ್ಷ ಹೆಚ್ಚು ಹಿಡಿಯುತ್ತದೆಂದು ಅಣ್ಣನಿಗೆ ಲೆಕ್ಕ ಮಾಡಿ ತೋರಿಸಿದೆ. ಅವನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡನು.