ಸರಕು ವಿಮಾನದಲ್ಲಿ ಮನೆಗೆ (ಭಾಗ 6)

ಎಎನ್-32 ಫೋಟೋ ತೋರಿಸಿದಾಗಿಂದ ಕ್ಲಾಸಲ್ಲಿ ಒಂದೇ ಪ್ರಶ್ನೆ: "ಇದ್ರಲ್ಲಿ ನಾವೂ ಹೋಗ್ಬಹುದಾ?" ಕೆಲವರು ಹೋಗ್ತಾರೆ. ಆದ್ರೆ ಆಸೆಪಟ್ಟು ಹತ್ತೋ ವಿಮಾನ ಅಲ್ಲ ಅದು.

ಶ್ರೀನಗರದಿಂದ ಕಾರ್ಗಿಲ್‌ಗೆ ರಸ್ತೆಯಲ್ಲಿ ಸುಮಾರು 200 ಕಿ.ಮೀ. ನಡುವೆ ಜೋಜಿ ಲಾ ಇದೆ. 'ಲಾ' ಅಂದ್ರೆ ಅಲ್ಲಿ ಘಾಟಿ ಅಂತ. ಎತ್ತರ 11,500 ಅಡಿಗೂ ಹೆಚ್ಚು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ, ಸಿಕ್ಕಿಹಾಕಿಕೊಂಡ ಜನರನ್ನ ವಾಯುಪಡೆಯ ಎಎನ್-32 ಹೊತ್ತೊಯ್ಯುತ್ತೆ. ಅದಕ್ಕೆ 'ಕಾರ್ಗಿಲ್ ಕೊರಿಯರ್' ಅಂತ ಹೆಸರು. ಹೆಸರು ಪಾರ್ಸೆಲ್‌ದು, ಒಳಗಿರೋದು ಮನುಷ್ಯರು.

ಯಾಕೆ ಇದೇ ವಿಮಾನ? ಎತ್ತರದಲ್ಲಿ ಗಾಳಿ ತೆಳು. ರೆಕ್ಕೆಗೂ ಎಂಜಿನ್‌ಗೂ ಶಕ್ತಿ ಸಾಲಲ್ಲ. ಎಎನ್-26ರ ದೇಹಕ್ಕೆ ತುಂಬಾ ಬಲವಾದ ಎರಡು ಟರ್ಬೊಪ್ರಾಪ್ ಎಂಜಿನ್ ಕೂರಿಸಿ ಆಂಟೊನೊವ್ ಮಾಡಿದ್ದೇ ಎಎನ್-32. ಒಂದೊಂದು ಎಂಜಿನ್ ಸುಮಾರು 5,000 ಅಶ್ವಶಕ್ತಿ. ನಮ್ಮ ವಾಯುಪಡೆಗೆ ಬಂದದ್ದು 1984ರಲ್ಲಿ.

ನನ್ನ ಹಾಸ್ಟೆಲ್ ರೂಮ್‌ಮೇಟ್ ಕಾರ್ಗಿಲ್‌ನವನು. ಒಂದು ಜನವರಿಯಲ್ಲಿ ಅಜ್ಜನಿಗೆ ತುಂಬಾ ಹುಷಾರಿಲ್ಲ ಅಂತ ಫೋನ್ ಬಂತು. ಬೆಂಗಳೂರಿಂದ ಶ್ರೀನಗರಕ್ಕೆ ಒಂದೇ ದಿನದಲ್ಲಿ ತಲುಪಿದ. ಅಲ್ಲಿಂದ ಮುಂದೆ ಆರು ದಿನ ಕಾದ. ಮೋಡ ಇದ್ರೆ ಹಾರಾಟ ಇಲ್ಲ. ಮೋಡ ಸರಿದ ದಿನ ಪಟ್ಟಿಯಲ್ಲಿ ಹೆಸರಿಲ್ಲ. ಲೇಹ್ ಮೇಲೆ ಹೋಗೋಣ ಅಂದ್ರೆ ಟಿಕೆಟ್ ದರ ಕೇಳಿದ್ರೇ ಸುಸ್ತು, ಇಳಿದ ಮೇಲೂ 200 ಕಿ.ಮೀ. ದಾಟಿದ ಬೆಟ್ಟದ ದಾರಿ. ಏಳನೇ ದಿನ ಸೀಟು ಸಿಕ್ತು. ಗೋಡೆಗೆ ಬೆನ್ನು, ಎದುರು ಸಾಲಿನವರ ಮೊಣಕಾಲಿಗೆ ಮೊಣಕಾಲು, ಕಿವಿಯಲ್ಲಿ ಹತ್ತಿ. "ಸೌಂಡಲ್ಲಿ ಯಾರೂ ಮಾತಾಡ್ಲಿಲ್ಲ ಮಗಾ, ಪಕ್ಕದ ಅಜ್ಜಿ ಮಾತ್ರ ನನ್ನ ಕೈ ಹಿಡ್ಕೊಂಡೇ ಇದ್ರು" ಅಂದ. ಅವನು ಹೋದಾಗ ಅಜ್ಜ ಇನ್ನೂ ಗುರುತು ಹಿಡೀತಿದ್ರಂತೆ.

ಇಷ್ಟು ಕೇಳಿ 'ವಾವ್' ಅಂದು ಬಿಡೋದು ಸುಲಭ. ಆದ್ರೆ 44ಕ್ಕಿಂತ ಹೆಚ್ಚು ಸೀಟಿರೋ ನಾಗರಿಕ ವಿಮಾನಕ್ಕೆ ಒಂದು ಪರೀಕ್ಷೆ ಇದೆ: ಅರ್ಧ ಬಾಗಿಲು ಮುಚ್ಚಿದ್ರೂ 90 ಸೆಕೆಂಡಲ್ಲಿ ಎಲ್ಲರೂ ಹೊರಗೆ ಬರಬೇಕು. ಸರಕು, ಪ್ಯಾರಾಟ್ರೂಪರ್‌ಗಳಿಗಾಗಿ ಮಾಡಿದ ವಿಮಾನ ಆ ಲೆಕ್ಕದಲ್ಲಿ ಹುಟ್ಟಿದ್ದಲ್ಲ. 2016ರ ಜುಲೈನಲ್ಲಿ ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಯ್ತು. 29 ಜನ ಇದ್ರು, ಸಮವಸ್ತ್ರ ಇಲ್ಲದವರೂ ಇದ್ರು.

ಸರಿಯಾದ ದಾರಿಯೂ ಇದೆ. ನಮ್ಮ ಸೇನಾಪಡೆಗಳಿಗೆ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುತ್ತಿದ್ದ ಟರ್ಬೊಪ್ರಾಪ್ ಡಾರ್ನಿಯರ್ 228ಕ್ಕೆ ನಾಗರಿಕ ಪ್ರಮಾಣಪತ್ರ ಪಡೆದು, 17 ಸೀಟು ಹಾಕಿ, 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಹಾರಿಸ್ತು. ಟಿಕೆಟ್ ಇದೆ, ಟೈಮ್ ಟೇಬಲ್ ಇದೆ.

ವಾಯುಪಡೆಯವರು ಮಾಡ್ತಿರೋದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದ್ರೆ ಆಪತ್ತಿಗೆ ಬಂದವರನ್ನೇ ಪ್ರತಿ ವರ್ಷ ಬಸ್ಸು ಮಾಡಿಕೊಂಡ್ರೆ, ಆ ಊರಿಗೆ ಬಸ್ಸೇ ಬರಲ್ಲ. ಮನೆಗೆ ಹೋಗೋದು ಯಾರಿಗೂ ಪಟ್ಟಿಯಲ್ಲಿ ಹೆಸರು ಬಂದ ಅದೃಷ್ಟ ಆಗಬಾರದು, ಅಲ್ವಾ?

ಮುಂದಿನ ಭಾಗ: ಜೋಜಿ ಲಾ ಕೆಳಗೆ ಕೊರೀತಿರೋ ಸುರಂಗ.