ವೇಗಸ್‌ಗೆ ಹೊರಟ ತಮ್ಮನಿಗೆ

ಪ್ರೀತಿಯ ಪುಟ್ಟೂ,

ಅಪ್ಪಯ್ಯ, ಅಮ್ಮ ಇಬ್ಬರಿಗೂ ವೀಸಾ ಆಯ್ತು ಅಂತ ಕೇಳಿ ಎಷ್ಟು ಸಂತೋಷವಾಯ್ತು ಗೊತ್ತಾ? ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವ ದಾರಿಯಲ್ಲಿ ಲಾಸ್ ವೇಗಸ್‌ನಲ್ಲೂ ಇಳಿಸುತ್ತೇನೆ ಅಂದಿದ್ದೀಯ. ನಿನ್ನೆ ಅಪ್ಪಯ್ಯ ಫೋನಿನಲ್ಲಿ, "ಜೂಜಿನ ಊರಲ್ಲಿ ನಮಗೆಂಥ ಕೆಲಸ ಮಾರಾಯ್ತಿ?" ಅಂದರು. ಅವರ ಮಾತಿನ ಹಿಂದೆ ಚಿಕ್ಕಜ್ಜನ ನೆನಪಿದೆ. ದೀಪಾವಳಿಯ ಇಸ್ಪೀಟಿನಲ್ಲಿ ಹೊಳೆಬದಿಯ ಅಡಿಕೆ ತೋಟ ಹೋದದ್ದು ನೀನು ಹುಟ್ಟುವ ಮೊದಲು. ಆಮೇಲೆ ನಮ್ಮ ಜಗಲಿಯಲ್ಲಿ ಯಾರೂ ಎಲೆ ಹಾಕಲಿಲ್ಲ.

ಆದರೂ ಕರೆದುಕೊಂಡು ಹೋಗು. ಆ ಊರಿನ ಮಗ್ಗುಲಿನ ಹೆಂಡರ್ಸನ್‌ನಲ್ಲಿ ಅಷ್ಟು ವರ್ಷ ಸಂಸಾರ ಮಾಡಿದವಳು ನಾನು. ಬಂದ ನೆಂಟರಿಗೆಲ್ಲ ದೊಡ್ಡ ಹೋಟೆಲುಗಳ ಸಾಲಿನ ಸ್ಟ್ರಿಪ್ ರಸ್ತೆ ತೋರಿಸಿದ್ದೇನೆ. ಅವರ ದುಡ್ಡು ಜೂಜಿನ ಮೇಜಿನ ಮೇಲೆ ಹೋದದ್ದು ಕಡಿಮೆ. ರೂಮು, ಪಾರ್ಕಿಂಗು, ನೀರಿನ ಬಾಟಲಿ, ಸುಸ್ತಾಗಿ ಹತ್ತಿದ ಟ್ಯಾಕ್ಸಿ, ಇವುಗಳಲ್ಲೇ ಸೋರಿ ಹೋಗುತ್ತಿತ್ತು. ಹೊತ್ತೂ ಹಾಗೆಯೇ. ಅಪ್ಪಯ್ಯನಿಗೆ ಈ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ದಂಡವಾದರೆ ಮತ್ತೆ ಸಿಗುವುದಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ತಾರೀಖು. ಭಾನುವಾರ ಸಂಜೆ ಸೇರಿ, ಗುರುವಾರ ಬೆಳಿಗ್ಗೆ ಹೊರಟುಬಿಡು. ಶುಕ್ರವಾರ, ಶನಿವಾರ ಅದೇ ರೂಮಿನ ದರ ಎಲ್ಲಿಗೋ ಏರುತ್ತದೆ. ಲಾಸ್ ಏಂಜಲಿಸ್ ಕಡೆಯಿಂದ ಬರುವ ಹೆದ್ದಾರಿಯಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ದೊಡ್ಡ ವ್ಯಾಪಾರ ಮೇಳವಿದ್ದರೆ ವಾರದ ನಡುವೆಯೂ ಅದೇ ಕತೆ. ಜನವರಿಯ ಸಿಇಎಸ್ ಮೇಳ, 2023ರಿಂದ ನವೆಂಬರಿನಲ್ಲಿ ಸ್ಟ್ರಿಪ್ ರಸ್ತೆಯಲ್ಲೇ ನಡೆಯುವ ಫಾರ್ಮುಲಾ ಒನ್ ಓಟ, ಈ ಎರಡರ ಹತ್ತಿರವೂ ಸುಳಿಯಬೇಡ. ನೀವು ಅಂದುಕೊಂಡ ಏಪ್ರಿಲ್ ಒಳ್ಳೆಯದೇ. ಜುಲೈ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ನಲವತ್ತು ಡಿಗ್ರಿ ದಾಟಿದ ಆ ಒಣ ಬಿಸಿಲು ಅಮ್ಮನಿಗಲ್ಲ.

ರೂಮಿನ ಬಾಡಿಗೆ ನೋಡಿ ಮರುಳಾಗಬೇಡ. ಅದರ ಮೇಲೆ ದಿನಕ್ಕಿಷ್ಟು ಅಂತ 'ರೆಸಾರ್ಟ್ ಫೀ' ಹಾಕುತ್ತಾರೆ. ಈಜುಕೊಳಕ್ಕೆ ಇಳಿ, ಬಿಡು, ಕೊಡಲೇಬೇಕು. ಮೇ 2025ರಿಂದ ಅಮೆರಿಕ ಸರ್ಕಾರದ ನಿಯಮದಂತೆ ಕಡ್ಡಾಯದ ಶುಲ್ಕವನ್ನು ಮೊದಲ ದರದಲ್ಲೇ ಸೇರಿಸಿ ತೋರಿಸಬೇಕು. ಆದರೆ ಫೀ ಹೋಗಿಲ್ಲ, ತೆರಿಗೆಯೂ ಬೇರೆ ಬರಬಹುದು. ಕಾರಿನಲ್ಲಿ ಹೋದರೆ ಪಾರ್ಕಿಂಗಿಗೂ ದುಡ್ಡು. ನಾವಿದ್ದಾಗ ಎಲ್ಲ ಕಡೆ ಪುಕ್ಕಟೆಯಿತ್ತು, 2016ರಲ್ಲಿ ಶುರುವಾಯ್ತು ಈ ವಸೂಲಿ.

ಅಮ್ಮನ ದಮ್ಮಿನ ಚಿಂತೆ ನನಗೆ. ಕ್ಯಾಸಿನೊ ಒಳಗೆ ಸಿಗರೇಟು ಸೇದಬಹುದು, ಲಿಫ್ಟಿಗೆ ಹೋಗಲೂ ಆ ಹೊಗೆಯನ್ನೇ ದಾಟಬೇಕು. ಸ್ಟ್ರಿಪ್‌ನಲ್ಲಿ ಪಾರ್ಕ್ ಎಂಜಿಎಂ ಎಂಬ ಹೋಟೆಲು 2020ರಿಂದ ಪೂರ್ತಿ ಹೊಗೆರಹಿತ. ಅಲ್ಲಿಂದ ಬೆಲಾಜಿಯೊ ಹೋಟೆಲಿಗೆ ಪುಕ್ಕಟೆ ಟ್ರಾಮ್ ಕೂಡ ಇದೆ, ಅಪ್ಪಯ್ಯನ ಮಂಡಿಗೆ ಅದೇ ದೊಡ್ಡ ಉಪಕಾರ. ಅಲ್ಲಿ ಕಣ್ಣು ಮೋಸ ಮಾಡುತ್ತದೆ ಪುಟ್ಟೂ. ಕಟ್ಟಡಗಳು ಎಷ್ಟು ದೊಡ್ಡವೆಂದರೆ, "ಇಲ್ಲೇ ಎದುರಿಗೆ" ಅಂದುಕೊಂಡು ಹೊರಟರೆ ಮೇಲುಸೇತುವೆ ಹತ್ತಿ ಇಳಿದು ಅರ್ಧ ಗಂಟೆ. ದೂರ ಹೋಗಬೇಕಾದರೆ ಡ್ಯೂಸ್ ಬಸ್ಸಿದೆ, ಹಗಲೂ ರಾತ್ರಿ ಓಡುತ್ತದೆ; ಒಂದು ದಿನದ ಪಾಸು ತೆಗೆದುಕೊಳ್ಳಿ. ಮಾನೋರೈಲು ಹೋಟೆಲುಗಳ ಹಿಂಬದಿಯಲ್ಲಿ ಹೋಗುತ್ತದೆ, ವಿಮಾನ ನಿಲ್ದಾಣಕ್ಕೆ ಮುಟ್ಟುವುದೂ ಇಲ್ಲ. ನಿಮಗೆ ಅದು ಬೇಡ.

ರೂಮಿನ ಫ್ರಿಜ್ಜಿನಲ್ಲಿ ಜೋಡಿಸಿಟ್ಟ ತಿಂಡಿ, ಬಾಟಲಿಗಳನ್ನು ಪುಟಾಣಿ ಚಿನ್ನು ಮುಟ್ಟದಂತೆ ನೋಡಿಕೋ. ಎಷ್ಟೋ ಕಡೆ ಎತ್ತಿದರೆ ಸಾಕು, ಬಿಲ್ಲಿಗೆ ಸೇರುತ್ತದೆ. ನೀರು, ಹಣ್ಣು, ಮೊಸರು ಹೊರಗಿನ ಅಂಗಡಿಯಿಂದ ತಂದಿಟ್ಟುಕೊಳ್ಳಿ. ಅಮ್ಮ ಹೇಗೂ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಬರುತ್ತಾರೆ.

ಆ ಊರಿನ ಚೆಂದವೆಲ್ಲ ಹೆಚ್ಚುಕಮ್ಮಿ ಪುಕ್ಕಟೆ. ಬೆಲಾಜಿಯೊ ಮುಂದಿನ ಕಾರಂಜಿ ಸಂಜೆಯ ಮೇಲೆ ಕಾಲು ಗಂಟೆಗೊಮ್ಮೆ ಹಾಡಿಗೆ ಕುಣಿಯುತ್ತದೆ. ಒಮ್ಮೆ ನೋಡಿ ಹೊರಡಬೇಡಿ, ಎರಡು ಮೂರು ಹಾಡು ನಿಲ್ಲಿ, ಪ್ರತಿಸಲ ಬೇರೆ ಕುಣಿತ. ಒಳಗೆ ಗಾಜಿನ ಮಾಡಿನ ಕೆಳಗೆ ಹೂವಿನ ತೋಟವಿದೆ. ಋತು ಬದಲಾದಂತೆ ಅದನ್ನು ಬುಡದಿಂದ ಹೊಸದಾಗಿ ಕಟ್ಟುತ್ತಾರೆ. ಅಮ್ಮನನ್ನು ಬೆಳಿಗ್ಗೆ ಬೇಗ, ಜನ ಸೇರುವ ಮೊದಲು ಕರೆದುಕೊಂಡು ಹೋಗು. ಅವರನ್ನು ಅವಸರಪಡಿಸಬೇಡ. ಸೇವಂತಿಗೆ ಸಸಿ ನೆಡುವಾಗ ಅವರಿಗೆ ಊಟದ ಹೊತ್ತೂ ನೆನಪಿರುತ್ತಿರಲಿಲ್ಲವಲ್ಲ. ಫ್ಲೆಮಿಂಗೊ ಹೋಟೆಲಿನ ಹಿತ್ತಿಲಲ್ಲಿ ಗುಲಾಬಿ ರಾಜಹಂಸಗಳಿವೆ, ಚಿನ್ನುವಿಗೆ ತೋರಿಸು.

ಈಗ ನಿನ್ನ ವಿಷಯ. ಇಪ್ಪತ್ತೊಂದು ತುಂಬದವರು ಜೂಜಿನ ಮೇಜಿನ ಹತ್ತಿರ ನಿಲ್ಲುವಂತಿಲ್ಲ, ಹಾಗಾಗಿ ನೀನು ಆಡಲು ಕೂತರೆ ಚಿನ್ನುವನ್ನು ಬೇರೆಯವರು ಕಾಯಬೇಕು. ಲೆಕ್ಕ ನಿನಗೆ ಬರುತ್ತದೆ, ನೀನೇ ನೋಡು: ಅಮೆರಿಕದ ರೂಲೆಟ್ ಚಕ್ರದಲ್ಲಿ 36 ಅಂಕಿ, ಜೊತೆಗೆ ಎರಡು ಸೊನ್ನೆ, ಒಟ್ಟು 38 ಮನೆ. ಗೆದ್ದ ಅಂಕಿಗೆ ಕೊಡುವುದು 35 ಪಾಲು. ಆಡುತ್ತ ಹೋದರೆ ನೂರು ಡಾಲರಿಗೆ ಸರಾಸರಿ 5.26 ಡಾಲರ್ ಅವರದು. ಕೆಲವು ಕಡೆ ಮೂರನೆಯ ಸೊನ್ನೆಯನ್ನೂ ಸೇರಿಸಿದ್ದಾರೆ, ಆಗ 7.69. ಬ್ಲ್ಯಾಕ್‌ಜ್ಯಾಕ್ ಬಿದ್ದರೆ ಹತ್ತು ಡಾಲರಿಗೆ ಹದಿನೈದು ಕೊಡುವುದು ಹಳೆಯ ಕ್ರಮ. ಈಗ ಎಷ್ಟೋ ಮೇಜುಗಳಲ್ಲಿ ಹನ್ನೆರಡೇ. ಒಳಗಿನ ಎಟಿಎಂನಲ್ಲಿ ದುಡ್ಡು ತೆಗೆದರೆ ಅದಕ್ಕೂ ದುಬಾರಿ ಶುಲ್ಕ. ಗೋಡೆಯಲ್ಲಿ ಗಡಿಯಾರ ಇಡುವುದಿಲ್ಲ. ಸ್ನೇಹಿತರೊಡನೆ ಹೋದಾಗ ಏನಾದರೂ ಮಾಡಿಕೋ, ನಾನು ಕೇಳುವುದಿಲ್ಲ. ಅಪ್ಪಯ್ಯ ಜೊತೆಗಿರುವಾಗ ಮಾತ್ರ ಕೂರಬೇಡ. ಅವರು ಏನೂ ಹೇಳುವುದಿಲ್ಲ, ಹಿಂದೆ ಸುಮ್ಮನೆ ನಿಂತಿರುತ್ತಾರೆ. ಅದು ನಿನಗೂ ಬೇಡ, ಅವರಿಗೂ ಬೇಡ.

ಆ ಹೊತ್ತಿನಲ್ಲಿ ಹೂವರ್ ಡ್ಯಾಮಿಗೆ ಹೋಗಿ. ಮುಕ್ಕಾಲು ಗಂಟೆ ದಾರಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಶರಾವತಿಯ ದಂಡೆಯಲ್ಲಿ ನಿಂತು ನೋಡಿದ ಮನುಷ್ಯ ಅಪ್ಪಯ್ಯ. 1935ರಲ್ಲಿ ಮುಗಿದ, 221 ಮೀಟರ್ ಎತ್ತರದ ಆ ಕಾಂಕ್ರೀಟು ಗೋಡೆಯನ್ನು ಕಂಡರೆ ಅವರ ಪ್ರಶ್ನೆ ಮುಗಿಯುವುದಿಲ್ಲ. ಅಣೆಕಟ್ಟಿನ ಮೇಲೆ ನಡೆಯಲು ಟಿಕೆಟ್ಟಿಲ್ಲ. ಹಿನ್ನೀರಿನ ಬಂಡೆಗಳ ಮೇಲೆ ಬಿಳಿ ಪಟ್ಟೆ ಕಾಣುತ್ತದೆ, ನೀರು ಎಲ್ಲಿಯವರೆಗೆ ಇತ್ತು ಅಂತ ಅದೇ ಹೇಳುತ್ತದೆ. ಮುಳುಗಡೆಯ ಊರಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಕ್ಯಾನ್ಯನ್‌ಗೆ ಮಾತ್ರ ಹತ್ತಿರದ ವೆಸ್ಟ್ ರಿಮ್ ಅಂತ ಹೋಗಬೇಡ. ಎರಡು ಗಂಟೆಯ ದಾರಿ ನಿಜ, ಆದರೆ ಅದು ಹುವಾಲಪಾಯ್ ಬುಡಕಟ್ಟಿನವರ ನೆಲ, ನಿನ್ನ ರಾಷ್ಟ್ರೀಯ ಉದ್ಯಾನದ ಪಾಸು ಅಲ್ಲಿ ನಡೆಯದು, ಗಾಜಿನ ಸೇತುವೆಗೆ ಟಿಕೆಟ್ಟು ಬೇರೆ. ವೇಗಸ್‌ನ ಒಂದು ರಾತ್ರಿ ಕಡಿಮೆ ಮಾಡಿ ಸೌತ್ ರಿಮ್‌ನಲ್ಲಿ ಉಳಿಯಿರಿ. ನಾಲ್ಕೂವರೆ ಗಂಟೆ ಕಾರು, ನಡುವೆ ಎರಡು ಕಡೆ ಇಳಿಸಿ ಕಾಲು ಬಿಡಿಸಲು ಹೇಳು.

ಹೋಟೆಲಿಗೆ ದುಡ್ಡು ಕಟ್ಟುವ ಮೊದಲು ಒಟ್ಟು ಮೊತ್ತದ ಪುಟ ನನಗೆ ಕಳಿಸು. ಅಮ್ಮನ ಇನ್ಹೇಲರ್ ನಿನ್ನ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕಬೇಡ. ಅಪ್ಪಯ್ಯನ ಹತ್ತಿರ ನಾನೇ ಮಾತಾಡುತ್ತೇನೆ, ಡ್ಯಾಮಿನ ಸುದ್ದಿ ಎತ್ತಿದರೆ ಒಪ್ಪುತ್ತಾರೆ.

ಪ್ರೀತಿಯಿಂದ,
ಅಕ್ಕ