ಆನೆಗೊಂದಿಯ ಹಾಲಿ ಸಿಕ್ಕಾ

ಹಂಪೆಗೆ ಬಂದ ಯಾತ್ರಿಕರಲ್ಲಿ ಬಹುಮಂದಿ ತುಂಗಭದ್ರೆಯನ್ನು ದಾಟದೆಯೇ ಹಿಂತಿರುಗುವರು. ದಾಟಿದವರಿಗೆ ಉತ್ತರತೀರದಲ್ಲಿ ಆನೆಗೊಂದಿಯು ದೊರೆಯುವದು. ಅಲ್ಲಿಯ ಕೋಟೆಬಾಗಿಲು, ರಂಗನಾಥನ ಗುಡಿ, ನದೀಮಧ್ಯದ ನವಬೃಂದಾವನ ಇವನ್ನು ಕುರಿತು ಬರೆದವರು ಅನೇಕರಿರುವದರಿಂದ ನಾವು ಬೇರೊಂದು ವಿಷಯವನ್ನೇ ವಾಚಕರ ಮುಂದಿಡುವೆವು.

ವಿಜಯನಗರದ ವರಹವು ಚಿನ್ನದ್ದು. 1565ರ ರಕ್ಕಸತಂಗಡಿಯ ಯುದ್ಧದಿಂದ ರಾಜಧಾನಿಯು ಹಾಳಾದರೂ ವರಹದ ಬೆಲೆಯು ಹಾಳಾಗಲಿಲ್ಲ. ಚಿನ್ನಕ್ಕೆ ಯಾವ ಅರಸನಾದರೇನು? ಕಾಗದದ ಗತಿಯು ಹಾಗಲ್ಲ. ಕಾಲಾಂತರದಲ್ಲಿ ಆನೆಗೊಂದಿಯು ನಿಜಾಮರ ರಾಯಚೂರು ಜಿಲ್ಲೆಗೆ ಸೇರಿತು. ಎದುರುದಡದ ಹಂಪೆಯು ಮದರಾಸಿನ ಬಳ್ಳಾರಿ ಜಿಲ್ಲೆಗೆ. ಹರಿಗೋಲು ಹೊಳೆ ದಾಟುವಷ್ಟರಲ್ಲಿ ರೂಪಾಯಿಯೇ ಬದಲಾಗುತ್ತಿತ್ತು. ಇತ್ತ ಹಾಲಿ ಸಿಕ್ಕಾ, ಅತ್ತ ಕಲ್ದಾರ. ಏಳು ಹಾಲಿಗೆ ಆರು ಕಲ್ದಾರವೆಂದು ಲೆಕ್ಕ ಹಿಡಿದರೆ ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ತ್ರೈರಾಶಿಕವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಊರಿಲ್ಲ!

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯು ದುರ್ಲಭವಾದ್ದರಿಂದ 1918ರಲ್ಲಿ ಹೈದರಾಬಾದಿನವರು ಹತ್ತು ಹಾಗೂ ನೂರು ರೂಪಾಯಿಗಳ ನೋಟುಗಳನ್ನು ಹೊರಡಿಸಿದರು, ಮರುವರ್ಷ ಒಂದು, ಐದು, 1926ರಲ್ಲಿ ಸಾವಿರ. ಬರಹವು ಉರ್ದುವಿನದಾದರೂ ಮೊತ್ತವನ್ನು ತೆಲುಗು, ಮರಾಠಿಗಳೊಡನೆ ಕನ್ನಡದಲ್ಲಿಯೂ ಬರೆದಿದ್ದರು. ಕಲ್ದಾರದ ನೋಟಿನ ಮೇಲೂ ಕನ್ನಡವಿತ್ತು. ದೊರೆಗಳು ಬೇರೆಯಾದರೂ ಎರಡೂ ದಡದ ಕಾಗದವು ನಮ್ಮ ನುಡಿಯನ್ನು ಬಲ್ಲದಾಗಿತ್ತು.

1947ರಲ್ಲಿ ಆಂಗ್ಲರ ಸಾಮ್ರಾಜ್ಯವು ಮುಗಿಯಿತು. ನಿಜಾಮರು ಯಾವ ಕಡೆಗೂ ಸೇರದೆ ನವೆಂಬರ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವನ್ನು ಮಾಡಿಕೊಂಡರು. ಅದರ ಬೆನ್ನಲ್ಲೇ ಭಾರತದ ರೂಪಾಯಿಯು ತಮ್ಮ ಸೀಮೆಯಲ್ಲಿ ನಡೆಯದೆಂದು ಆಜ್ಞೆಯನ್ನೂ ಹೊರಡಿಸಿದರು. ಆಚೆಯ ಸಂತೆಯಲ್ಲಿ ಬತ್ತ ಮಾರಿದ ಒಕ್ಕಲಿಗನ ಉಡಿಯೊಳಗಿನ ಹಣವು ಈಚೆಯ ದಡದಲ್ಲಿ ಹಣವೇ ಅಲ್ಲವೆಂದಾಯಿತು. 1948ರ ಸೆಪ್ಟೆಂಬರದಲ್ಲಿ ಭಾರತದ ಸೈನ್ಯವು ಬಂದು ಆ ಸಂಸ್ಥಾನದ ಸ್ವಾತಂತ್ರ್ಯದ ಮಾತು ಮುಗಿಯಿತು. 1950ರಿಂದ ಎರಡೂ ನಾಣ್ಯಗಳು ಜೊತೆಯಾಗಿ ನಡೆದು, ಮರುವರ್ಷ ಹಾಲಿಯನ್ನು ಹೊರಡಿಸುವದು ನಿಂತು, 1959ರಲ್ಲಿ ಅದು ಪೂರ್ತಿಯಾಗಿ ರದ್ದಾಯಿತು. 'ಹಾಲಿ'ಯೆಂದರೆ ಈಗಿನದು; ಹೆಸರಿನ ಮಾತನ್ನು ಅದು ನಡೆಸಲಾರದೆ ಹೋಯಿತು.

ಆನೆಗೊಂದಿಯ ಒಂದು ಮನೆಯಲ್ಲಿ ನಮಗೆ ಹತ್ತು ರೂಪಾಯಿಯ ಅಂಥ ಮೂರು ನೋಟುಗಳನ್ನು ತೋರಿಸಿದರು. ಆ ಮನೆಯ ಹಿರಿಯ ತಾಯಿಯು ಮಗಳ ಮದುವೆಗೆಂದು ಕೂಡಿಟ್ಟು, ಯಾರಿಗೂ ಹೇಳದೆಯೇ ತೀರಿಕೊಂಡಳಂತೆ. ಗಡುವು ಕಳೆದು ಎಷ್ಟೋ ವರ್ಷಗಳ ಮೇಲೆ ಅಡಿಗೆಮನೆಯ ಗೋಡೆಯನ್ನು ಕೆಡವಿದಾಗ ಅವು ಸಿಕ್ಕವು. ಮದುವೆಯು ಆ ಮೊದಲೇ ಸಾಲದಿಂದ ನಡೆದುಹೋಗಿತ್ತು. ಈಗ ಸಂಗ್ರಾಹಕರು ಬಂದು ಕೇಳುವರು, ಮನೆಯವರು ಕೊಡಲೊಲ್ಲರು. ಮರಿಮೊಮ್ಮಗಳು ಉರ್ದುವಿನ ಸಾಲುಗಳನ್ನು ಬಿಟ್ಟು, ಕನ್ನಡದಲ್ಲಿದ್ದ ಮೊತ್ತವನ್ನಷ್ಟೇ ಬೆರಳಿಟ್ಟು ನಮಗೆ ಓದಿ ತೋರಿಸಿದಳು.